ಗಣಕದ ಆರಂಭಿಕ ಸ್ಕ್ರಿಪ್ಟ್ ಮತ್ತು ಆ್ಯಂಟಿವೈರಸ್ ವಿನಾಯಿತಿ: ವರ್ತಕರು ಅರಿತಿರಬೇಕಾದ ಅಂಶಗಳು

ಸುರಪುರ ತಾಲ್ಲೂಕಿನ ಕಕ್ಕೇರಾದಂತಹ ಪಟ್ಟಣಗಳಲ್ಲಿಯೂ ಹತ್ತಿ, ಭತ್ತ, ತೊಗರಿಯ ವಹಿವಾಟಿನ ಲೆಕ್ಕಪತ್ರಗಳು ಇಂದು ಖಾತೆ ಪುಸ್ತಕದಿಂದ ಗಣಕಯಂತ್ರಕ್ಕೆ ಸರಿದಿವೆ. ಬೆಳಿಗ್ಗೆ ಗಣಕವನ್ನು ಚಾಲನೆಗೊಳಿಸಿದೊಡನೆ ಹಿಂದಿನ ದಿನದ ದತ್ತಾಂಶದ ನಕಲು ತೆಗೆಯುವುದು, ಲೆಕ್ಕದ ತಂತ್ರಾಂಶವನ್ನು ತೆರೆಯುವುದು ಮುಂತಾದ ಕೆಲಸಗಳಿಗಾಗಿ ಸಣ್ಣದೊಂದು ಆದೇಶಗಳ ಕಡತವನ್ನು ಅಳವಡಿಸಿರುವುದುಂಟು. ಇದನ್ನೇ ಆರಂಭಿಕ ಸ್ಕ್ರಿಪ್ಟ್ ಎನ್ನುತ್ತಾರೆ. ಈ ಸ್ಕ್ರಿಪ್ಟನ್ನು ಆ್ಯಂಟಿವೈರಸ್ ತಂತ್ರಾಂಶವು ತಡೆದಾಗ ಪರದೆಯ ಮೇಲೆ ಎದ್ದು ಕಾಣುವ ಸೂಚನೆ ಯಾವಾಗಲೂ ಬರುವುದಿಲ್ಲ. ನಕಲು ನಿಂತುಹೋಗಿರುವುದು ಹಾರ್ಡ್ ಡಿಸ್ಕ್ ಕೆಟ್ಟ ದಿನವೇ ತಿಳಿಯುವ ಅಪಾಯವಿದೆ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 36ನೇ ಕಲಮಿನನ್ವಯ ನೋಂದಾಯಿತ ವರ್ತಕರು ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಅಂತಿಮ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡತಕ್ಕದ್ದು. ವಿದ್ಯುನ್ಮಾನ ದಾಖಲೆಗಳು ಆಕಸ್ಮಿಕವಾಗಿ ನಾಶವಾದರೆ ಯುಕ್ತ ಅವಧಿಯಲ್ಲಿ ಮರಳಿ ಪಡೆಯಲು ಸಾಧ್ಯವಾಗುವಂತೆ ನಕಲು ಇರಿಸಬೇಕೆಂದು 57ನೇ ನಿಯಮವು ವಿಧಿಸುತ್ತದೆ.

ತಡೆಗೆ ಕಾರಣ

ಆ್ಯಂಟಿವೈರಸ್‌ಗೆ ಸ್ಕ್ರಿಪ್ಟ್‌ಗಳ ಬಗ್ಗೆ ಸಂಶಯವಿರುವುದು ಸಕಾರಣವಾಗಿದೆ. 2000ದ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ‘ಐ ಲವ್ ಯೂ’ ವೈರಸ್ ಇ-ಮೇಲ್ ಮೂಲಕ ಬಂದ ಒಂದು ಸ್ಕ್ರಿಪ್ಟ್ ಆಗಿತ್ತು. ಆರಂಭದಲ್ಲಿಯೇ ತಾನಾಗಿ ಚಾಲನೆಗೊಂಡು ಅನೇಕ ಕಡತಗಳನ್ನು ಮುಟ್ಟುವುದು ವೈರಸ್‌ನ ಲಕ್ಷಣವೂ ಹೌದು, ನಕಲು ತೆಗೆಯುವ ಸ್ಕ್ರಿಪ್ಟ್‌ನ ಲಕ್ಷಣವೂ ಹೌದು. ಆದರೆ ಕಾವಲುಗಾರನೂ ತಪ್ಪುವುದುಂಟು. 2010ರ ಏಪ್ರಿಲ್ 21ರಂದು ಮ್ಯಾಕಫೀ ಸಂಸ್ಥೆಯ ಪರಿಷ್ಕರಣೆಯೊಂದು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವನ್ನೇ ವೈರಸ್ ಎಂದು ಭಾವಿಸಿದ್ದರಿಂದ ಅನೇಕ ದೇಶಗಳಲ್ಲಿ ಗಣಕಗಳು ಮತ್ತೆ ಮತ್ತೆ ಮರುಚಾಲನೆಗೊಂಡು ನಿರುಪಯುಕ್ತವಾದವು.

ಮೊದಲು ದೋಷದ ಮೂಲವನ್ನು ಗುರುತಿಸುವುದು

ಸ್ಕ್ರಿಪ್ಟ್ ನಡೆಯದಿದ್ದರೆ ಆ್ಯಂಟಿವೈರಸ್ಸೇ ಕಾರಣವೆಂದು ತೀರ್ಮಾನಿಸುವಂತಿಲ್ಲ. ಗಣಕವು ಪೂರ್ಣವಾಗಿ ಚಾಲನೆಗೊಂಡ ಬಳಿಕ ಅದೇ ಸ್ಕ್ರಿಪ್ಟನ್ನು ಕೈಯಿಂದ ಚಲಾಯಿಸಿ ನೋಡಬೇಕು. ಆಗ ಸರಿಯಾಗಿ ನಡೆದರೆ, ಆರಂಭದ ಹೊತ್ತಿಗೆ ಜಾಲಸಂಪರ್ಕ ಅಥವಾ ಹೊರಗಿನ ಡಿಸ್ಕ್ ಸಿದ್ಧವಾಗಿಲ್ಲದಿರುವ ಸಂಭವ ಹೆಚ್ಚು. ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದೆರಡು ನಿಮಿಷಗಳ ವಿಳಂಬವನ್ನು ನಿಗದಿಪಡಿಸಿದರೆ ಇದು ಪರಿಹಾರವಾಗುತ್ತದೆ. ಸ್ಕ್ರಿಪ್ಟ್‌ನ ಪ್ರತಿ ಹಂತವೂ ದಿನಾಂಕ ಮತ್ತು ವೇಳೆಯನ್ನು ಒಂದು ಕಡತದಲ್ಲಿ ನಮೂದಿಸುವಂತೆ ಮಾಡಿಸಿದರೆ ಎಲ್ಲಿ ನಿಂತಿತೆಂಬುದು ಸ್ಪಷ್ಟವಾಗುತ್ತದೆ.

ಬಳಿಕ ಆ್ಯಂಟಿವೈರಸ್‌ನ ದಾಖಲೆಯನ್ನು ನೋಡಬೇಕು. ವಿಂಡೋಸ್ ಸೆಕ್ಯುರಿಟಿಯಲ್ಲಿ ಇದಕ್ಕೆ ‘ಪ್ರೊಟೆಕ್ಷನ್ ಹಿಸ್ಟರಿ’ ಎಂಬ ವಿಭಾಗವಿದೆ. ತಡೆಯಲ್ಪಟ್ಟ ಕಡತದ ಹೆಸರು, ಸ್ಥಳ, ವೇಳೆಗಳನ್ನು ಸ್ಕ್ರಿಪ್ಟ್‌ನ ದಾಖಲೆಯೊಡನೆ ತಾಳೆ ನೋಡಿದಾಗ ನಿಜವಾದ ಕಾರಣ ದೊರೆಯುತ್ತದೆ. ವಿನಾಯಿತಿ ನೀಡುವ ಮುನ್ನ ಸ್ಕ್ರಿಪ್ಟನ್ನು ಮೂಲ ಪ್ರತಿಯೊಡನೆ ಹೋಲಿಸಿ, ಅದರಲ್ಲಿ ಯಾರೂ ಬದಲಾವಣೆ ಮಾಡಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಅವಶ್ಯ. ಆ್ಯಂಟಿವೈರಸ್‌ನ ಎಚ್ಚರಿಕೆ ನಿಜವೇ ಆಗಿದ್ದರೆ ವಿನಾಯಿತಿಯು ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ.

ವಿನಾಯಿತಿಯ ಮಿತಿ

ವಿಂಡೋಸ್‌ನೊಂದಿಗೆ ಬರುವ ಡಿಫೆಂಡರ್‌ನಲ್ಲಿ ಕಡತ, ಫೋಲ್ಡರ್, ಕಡತದ ಬಗೆ, ಪ್ರೋಸೆಸ್ ಎಂಬ ನಾಲ್ಕು ವಿಧದ ವಿನಾಯಿತಿಗಳಿವೆ. ಇವುಗಳಲ್ಲಿ ಒಂದೇ ಕಡತದ ಪೂರ್ಣ ಸ್ಥಳವನ್ನು ನಮೂದಿಸುವುದೇ ಸುರಕ್ಷಿತ. ಬ್ಯಾಚ್ ಕಡತಗಳೆಲ್ಲಕ್ಕೂ ವಿನಾಯಿತಿ ನೀಡುವುದು, ಇಡೀ ‘ಸಿ’ ಡ್ರೈವನ್ನು ಅಥವಾ ಡೌನ್‌ಲೋಡ್ಸ್ ಫೋಲ್ಡರನ್ನು ಹೊರಗಿಡುವುದು ಸರ್ವಥಾ ಸಲ್ಲದು. ಪವರ್‌ಶೆಲ್‌ನಂತಹ ಪ್ರೋಸೆಸ್‌ಗೆ ವಿನಾಯಿತಿ ಕೊಟ್ಟರೆ ಅದು ತೆರೆಯುವ ಕಡತಗಳೆಲ್ಲವೂ ತತ್‌ಕ್ಷಣದ ತಪಾಸಣೆಯಿಂದ ಪಾರಾಗುತ್ತವೆ.

ವಿನಾಯಿತಿ ನೀಡಿದ ಮೇಲೂ ತಡೆ ಮುಂದುವರಿದರೆ ಈ ಕೆಳಗಿನ ಅಂಶಗಳನ್ನು ಪರಿಶೀಲಿಸಬೇಕು:

1. ಬೇರೆ ಸಂಸ್ಥೆಯ ಆ್ಯಂಟಿವೈರಸ್ ಅಳವಡಿಸಿದಾಗ ಡಿಫೆಂಡರ್ ಸಾಮಾನ್ಯವಾಗಿ ತಾನಾಗಿ ಹಿಂದೆ ಸರಿಯುತ್ತದೆ. ಆಗ ವಿನಾಯಿತಿಯನ್ನು ಹೊಸ ತಂತ್ರಾಂಶದಲ್ಲಿಯೇ ನಮೂದಿಸಬೇಕು.

2. ಜಾಲದಲ್ಲಿರುವ ಕಡತಕ್ಕೆ ‘ಝಡ್’ ಮುಂತಾದ ಡ್ರೈವ್ ಅಕ್ಷರದ ಬದಲು ಸರ್ವರ್‌ನ ಹೆಸರುಳ್ಳ ಪೂರ್ಣ ಸ್ಥಳವನ್ನೇ ಕೊಡಬೇಕು. ಬಳಕೆದಾರನಿಂದ ಬಳಕೆದಾರನಿಗೆ ಬದಲಾಗುವ ಸಂಕೇತಪದಗಳೂ ಇಲ್ಲಿ ಫಲಿಸುವುದಿಲ್ಲ, ಏಕೆಂದರೆ ಆ್ಯಂಟಿವೈರಸ್ ನಡೆಯುವುದು ವ್ಯವಸ್ಥೆಯ ಸ್ವಂತ ಖಾತೆಯಲ್ಲಿ.

3. ತಡೆಯಲ್ಪಟ್ಟಿರುವುದು ಸ್ಕ್ರಿಪ್ಟ್ ಅಲ್ಲದೆ, ಅದು ಕರೆಯುವ ಇನ್ನೊಂದು ತಂತ್ರಾಂಶವಾಗಿರಬಹುದು.

4. ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂಬ ರಕ್ಷಣೆ ಚಾಲನೆಯಲ್ಲಿದ್ದರೆ, ಅದರ ಅನುಮತಿ ಪಟ್ಟಿ ಪ್ರತ್ಯೇಕವಾಗಿರುತ್ತದೆ.

ವಿನಾಯಿತಿ ಪಡೆದ ಕಡತವನ್ನು ಬದಲಾಯಿಸುವ ಅಧಿಕಾರ ಅಡ್ಮಿನಿಸ್ಟ್ರೇಟರ್ ಖಾತೆಗೆ ಮಾತ್ರ ಇರಬೇಕು. ಗುಮಾಸ್ತರು ದೈನಂದಿನ ಕೆಲಸವನ್ನು ಸಾಮಾನ್ಯ ಖಾತೆಯಲ್ಲಿ ಮಾಡತಕ್ಕದ್ದು. ಇಲ್ಲವಾದರೆ ಕಾವಲಿಲ್ಲದ ಆ ಕಡತದಲ್ಲಿ ವೈರಸ್ ಬಂದು ನೆಲೆಸಿದರೂ ತಿಳಿಯದು. 2017ರ ಮೇ ತಿಂಗಳ ‘ವನ್ನಾಕ್ರೈ’ ದಾಳಿಯಂತೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್‌ಗಳು ಗಣಕಕ್ಕೆ ಜೋಡಿಸಿಟ್ಟ ನಕಲು ಡಿಸ್ಕನ್ನೂ ಬಿಡುವುದಿಲ್ಲ. ಆದ್ದರಿಂದ ನಕಲು ಮುಗಿದೊಡನೆ ಡಿಸ್ಕನ್ನು ಬೇರ್ಪಡಿಸುವುದು ಕ್ಷೇಮಕರ.

ನಿತ್ಯ ಪಾಲಿಸಬೇಕಾದ ಶಿಸ್ತು

ನೀಡಿದ ಪ್ರತಿಯೊಂದು ವಿನಾಯಿತಿಯ ದಿನಾಂಕ, ಕಾರಣ ಹಾಗೂ ನೀಡಿದವರ ಹೆಸರನ್ನು ವಹಿಯೊಂದರಲ್ಲಿ ಬರೆದಿಟ್ಟು, ಮೂರು ತಿಂಗಳಿಗೊಮ್ಮೆ ಪರಿಶೀಲಿಸಿ, ಬೇಡವಾದವನ್ನು ತೆಗೆದುಹಾಕಬೇಕು. ದುರಸ್ತಿಗೆ ಬಂದ ತಂತ್ರಜ್ಞರು ಅವಸರದಲ್ಲಿ ಆ್ಯಂಟಿವೈರಸ್ಸನ್ನೇ ನಿಲ್ಲಿಸಿ ಹೋಗಿಲ್ಲವೆಂಬುದನ್ನು ಮಾಲೀಕರೇ ನೋಡಿಕೊಳ್ಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದರಿಂದ, ಹಳೆಯ ಗಣಕಗಳನ್ನು ಬಳಸುವವರು ಈ ವಿಷಯದಲ್ಲಿ ಮತ್ತಷ್ಟು ಜಾಗರೂಕರಾಗಿರಬೇಕು.

ಕೊನೆಯದಾಗಿ, ತಿಂಗಳಿಗೊಮ್ಮೆಯಾದರೂ ನಕಲಿನಿಂದ ಲೆಕ್ಕಪತ್ರವನ್ನು ಬೇರೊಂದು ಗಣಕದಲ್ಲಿ ತೆರೆದು, ಹಿಂದಿನ ದಿನದ ನಗದು ಶಿಲ್ಕು ತಾಳೆಯಾಗುವುದೇ ಎಂದು ನೋಡತಕ್ಕದ್ದು. ಸ್ಕ್ರಿಪ್ಟ್ ನಡೆಯಿತೆಂಬ ಸೂಚನೆಗಿಂತ ತಾಳೆಯಾದ ಶಿಲ್ಕೇ ವರ್ತಕರಿಗೆ ನಂಬಲರ್ಹವಾದ ಪುರಾವೆ.