ಗಾಲಿಯ ಲೆಕ್ಕ ಹೊತ್ತು ಸಾಗುವ ಕೇಬಲ್

ಬೆಳಗಾವಿ ಬಿಟ್ಟ ರೈಲು ದೇಸೂರು, ಇದ್ದಲಹೊಂಡ ದಾಟಿ ಖಾನಾಪುರ ಸೇರುತ್ತದೆ. ಒಂದು ಸ್ಟೇಷನ್ನಿನಿಂದ ಮುಂದಿನದರವರೆಗಿನ ಹಾದಿಗೆ ರೈಲ್ವೆಯವರು ಬ್ಲಾಕ್ ಸೆಕ್ಷನ್ ಎನ್ನುತ್ತಾರೆ. ಅದನ್ನು ಹೊಕ್ಕ ಗಾಡಿ ಪೂರ್ತಿ ಹೊರಬಿದ್ದದ್ದು ಖಚಿತವಾಗದೆ ಹಿಂದಿನ ಗಾಡಿಗೆ ಲೈನ್ ಕ್ಲಿಯರ್, ಅಂದರೆ ಒಳಹೋಗುವ ಅನುಮತಿ, ಸಿಗದು. ‘ಪೂರ್ತಿ’ ಎಂಬುದೇ ಇಲ್ಲಿ ತೊಡಕು. ನಡುದಾರಿಯಲ್ಲಿ ಕೊಂಡಿ ಕಳಚಿ ಎರಡು ವ್ಯಾಗನ್ ಉಳಿದಿದ್ದರೆ?

ಸದರ್ನ್ ಮರಾಠಾ ರೈಲ್ವೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಈ ಹಾದಿಯನ್ನು ಮೀಟರ್‌ಗೇಜಿನಲ್ಲಿ ಹಾಕಿತು. ಒಂಟಿ ಹಳಿಯ ಮಾರ್ಗಗಳಲ್ಲಿ ಟೋಕನ್ ಯಂತ್ರಗಳು ಬಂದವು. ಎರಡು ಸ್ಟೇಷನ್ನಿನ ಯಂತ್ರಗಳು ತಂತಿಯಿಂದ ಬೆಸೆದಿರುತ್ತಿದ್ದವು. ಒಂದರಿಂದ ಟೋಕನ್ ಎಂಬ ಲೋಹದ ಗುಂಡು ಹೊರಬಂತೆಂದರೆ, ಅದು ಮರಳಿ ಯಂತ್ರ ಸೇರುವ ತನಕ ಇನ್ನೊಂದು ಗುಂಡು ಹೊರಬರದು. ಆದರೆ ಗಾಡಿ ಇಡಿಯಾಗಿ ಬಂತೇ ಎಂಬುದನ್ನು ನೋಡಲು ಮನುಷ್ಯನ ಕಣ್ಣೇ ಬೇಕಿತ್ತು. ಕೊನೆಯ ಡಬ್ಬಿಗೆ ತೂಗುಹಾಕಿದ ‘ಎಲ್‌ವಿ’ (ಲಾಸ್ಟ್ ವೆಹಿಕಲ್) ಬೋರ್ಡು ಕಂಡರೆ ಸರಿ.

ಆ ಕಣ್ಣಿನ ಕೆಲಸವನ್ನೀಗ ಆಕ್ಸಲ್ ಕೌಂಟರ್ ಮಾಡುತ್ತದೆ. ಹಳಿಯ ಒಂದು ಮಗ್ಗುಲಿಗೆ ಸಂಕೇತ ಬಿಡುವ ಸುರುಳಿ, ಇನ್ನೊಂದು ಮಗ್ಗುಲಿಗೆ ಅದನ್ನು ಹಿಡಿಯುವ ಸುರುಳಿ. ಗಾಲಿ ಹಾದಾಗ ಸಂಕೇತ ಬದಲಾಗುತ್ತದೆ, ಲೆಕ್ಕಕ್ಕೆ ಒಂದು ಸೇರುತ್ತದೆ. ಇಂಥ ಜೋಡಿ ಅಕ್ಕಪಕ್ಕ ಎರಡಿರುವುದರಿಂದ ಗಾಡಿ ಯಾವ ಕಡೆಗೆ ಹೊರಟಿದೆ ಎಂಬುದೂ ಗೊತ್ತಾಗುತ್ತದೆ. ಒಂದು ಡಬ್ಬಿಗೆ ನಾಲ್ಕು ಅಚ್ಚು, ಅಂದರೆ ಒಂದು ಹಳಿಯ ಮೇಲೆ ನಾಲ್ಕು ಗಾಲಿ. 2025ರ ಆಗಸ್ಟ್‌ನಲ್ಲಿ ಶುರುವಾದ ಬೆಂಗಳೂರು–ಬೆಳಗಾವಿ ವಂದೇ ಭಾರತ್‌ನಂಥ ಎಂಟು ಡಬ್ಬಿಯ ಗಾಡಿಗೆ 32. ಒಳಗೆ ಹೋದದ್ದು 32, ಹೊರಬಂದದ್ದೂ 32 ಆದರೆ ಮಾತ್ರ ಸೆಕ್ಷನ್ ಖಾಲಿ.

ಈ ಅಂಕಿಯನ್ನು ಇನ್ನೊಂದು ತುದಿಗೆ ಮುಟ್ಟಿಸುವುದು ನೆಲದಡಿಯ ಕ್ವಾಡ್ ಕೇಬಲ್. ನಾಲ್ಕು ನಾಲ್ಕು ತಾಮ್ರದ ಎಳೆಗಳನ್ನು ಹೊಸೆದು ಮಾಡಿದ್ದು. ಹಳೆಯ ಅನಲಾಗ್ ಕೌಂಟರ್‌ಗಳು ಹಳಿಯ ಬಳಿ ಹುಟ್ಟಿದ 5 ಕಿಲೋಹರ್ಟ್ಸ್ ಸಂಕೇತವನ್ನೇ ಸ್ಟೇಷನ್ನಿಗೆ ಕಳಿಸುತ್ತಿದ್ದವು, ಎಣಿಕೆ ಅಲ್ಲಿ ನಡೆಯುತ್ತಿತ್ತು. ತಾಮ್ರ ಉದ್ದವಾದಷ್ಟೂ ಸಂಕೇತ ಸೊರಗುತ್ತದೆ, ಗದ್ದಲ ಸೇರುತ್ತದೆ. ಡಿಜಿಟಲ್ ಕೌಂಟರ್ ಹಳಿಯ ಪಕ್ಕದ ಪೆಟ್ಟಿಗೆಯಲ್ಲೇ ಎಣಿಸಿ, ಮೋಡೆಮ್ ಮೂಲಕ ಬರೀ ಅಂಕಿ ಕಳಿಸುತ್ತದೆ. ಅದಕ್ಕೆ ಒಂದು ಜೊತೆ ಎಳೆ ಸಾಕು. ಜಾಣತನವಿರುವುದು ಇಲ್ಲಿ ಎಂದು ನನಗನಿಸುತ್ತದೆ: ತಂತಿಯನ್ನು ಬಲಪಡಿಸುವ ಬದಲು, ಅದು ಹೊರಬೇಕಾದ ಮಾತನ್ನೇ ಕಡಿಮೆ ಮಾಡಿದರು.

ಖಾನಾಪುರದ ಮಳೆಗೂ ಆಕ್ಸಲ್ ಕೌಂಟರ್ ಒಗ್ಗುತ್ತದೆ. ಹಳಿಯಲ್ಲೇ ಕರೆಂಟು ಹರಿಸಿ ಗಾಡಿಯನ್ನು ಪತ್ತೆಹಚ್ಚುವ ಟ್ರ್ಯಾಕ್ ಸರ್ಕ್ಯೂಟ್, ಜಲ್ಲಿ ನೆಂದು ಕೆಸರಾದರೆ ಕರೆಂಟು ಸೋರಿ, ಖಾಲಿ ಹಳಿಯಲ್ಲೂ ಗಾಡಿ ಇದೆ ಎಂದುಬಿಡುತ್ತದೆ. ಗಾಲಿ ಎಣಿಸುವವನಿಗೆ ಜಲ್ಲಿಯ ಹಂಗಿಲ್ಲ. ಇನ್ನು ವಿದ್ಯುದೀಕರಣವಾದ ಹಾದಿಯಲ್ಲಿ ತಲೆಯ ಮೇಲೆ 25,000 ವೋಲ್ಟ್. ಪಕ್ಕದ ತಾಮ್ರದಲ್ಲೂ ಅದು ವೋಲ್ಟೇಜ್ ಹುಟ್ಟಿಸುತ್ತದೆ. ಅದಕ್ಕೇ ಕೇಬಲ್ಲಿಗೆ ಅಲ್ಯೂಮಿನಿಯಂ ಕವಚ.

ಇಷ್ಟಾದರೂ ಒಂದು ಜೆಸಿಬಿ ಸಾಕು. ಕೇಬಲ್ ತುಂಡಾದರೆ, ಅಂಕಿ ಒಂದೇ ಒಂದು ಹೆಚ್ಚುಕಮ್ಮಿಯಾದರೆ, ಹಳಿ ಖಾಲಿಯಿದ್ದರೂ ಯಂತ್ರ ಕೆಂಪನ್ನೇ ತೋರಿಸುತ್ತದೆ. ಅನುಮಾನ ಬಂದಲ್ಲಿ ಗಾಡಿ ನಿಲ್ಲಿಸುವುದು ಅದರ ಸ್ವಭಾವ. ಆಗ ಸ್ಟೇಷನ್ ಮಾಸ್ತರರು ಆಚೆ ಸ್ಟೇಷನ್ನಿನವರೊಂದಿಗೆ ಫೋನಿನಲ್ಲಿ ಮಾತಾಡಿ, ಚೀಟಿ ಬರೆದುಕೊಟ್ಟು ಗಾಡಿ ಬಿಡಬೇಕು. ಬಂದ ಗಾಡಿಯ ಎಲ್‌ವಿ ಬೋರ್ಡನ್ನು ಮತ್ತೆ ಕಣ್ಣಿಟ್ಟು ನೋಡಬೇಕು. ಆ ಬೋರ್ಡನ್ನು ಇನ್ನೂ ಯಾರೂ ಕಿತ್ತುಹಾಕಿಲ್ಲ.