ಬೇಟೆನಾಯಿಯ ಕೊರಳಲ್ಲಿ ಉಪಗ್ರಹದ ಗಂಟೆ

ಹೆಗ್ಗಡದೇವನಕೋಟೆಯ ಕಾಡಂಚಿನ ಊರುಗಳಲ್ಲಿ ದನಗಳ ಕೊರಳಿಗೆ ಗಂಟೆ ಕಟ್ಟುವುದು ಬರೀ ಅಲಂಕಾರಕ್ಕಲ್ಲ. ಪೊದೆಯ ಮರೆಯಲ್ಲಿ ದನ ಕಾಣದಿದ್ದರೂ ಅದು ಯಾವ ದಿಕ್ಕಿನಲ್ಲಿದೆ, ಹತ್ತಿರವೋ ದೂರವೋ ಎಂಬುದನ್ನು ಗಂಟೆಯ ಸದ್ದು ತಿಳಿಸುತ್ತದೆ. ನಿಧಾನವಾಗಿ ಮೇಯುತ್ತಿದೆಯೋ, ಬೆದರಿ ಓಡುತ್ತಿದೆಯೋ ಎಂಬುದೂ ಸದ್ದಿನ ಲಯದಿಂದಲೇ ಗೊತ್ತಾಗುತ್ತದೆ. ಯುರೋಪಿನ ಬೇಟೆಗಾರರೂ ತಮ್ಮ ನಾಯಿಗಳ ಕೊರಳಿಗೆ ಇಂಥದೇ ಗಂಟೆ ಕಟ್ಟುತ್ತಿದ್ದರು. ಈಗ ಅಲ್ಲಿ ಆ ಗಂಟೆಯ ಜಾಗಕ್ಕೆ ಜಿಪಿಎಸ್ ಕೊರಳಪಟ್ಟಿ ಬಂದಿದೆ. ಕಾಡಿನೊಳಗೆ ಓಡುವ ನಾಯಿ ಒಡೆಯನ ಕೈಯಲ್ಲಿರುವ ಪುಟ್ಟ ಪರದೆಯ ಮೇಲೆ ಚುಕ್ಕೆಯಾಗಿ ಚಲಿಸುತ್ತದೆ.

ಗಂಟೆಗೆ ಒಂದು ದೋಷವುಂಟು. ಅದು ಒಡೆಯನಿಗೆ ಕೇಳಿಸುವ ಹಾಗೆಯೇ ದನಗಳ್ಳನಿಗೂ ಕೇಳಿಸುತ್ತದೆ, ಹುಲಿಗೂ ಕೇಳಿಸುತ್ತದೆ. ಈ ಹೊಸ ಗಂಟೆಯ ಕತೆ ಏನು? ಅದು ಹೇಗೆ ಕೆಲಸ ಮಾಡುತ್ತದೆ, ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ ಸೀಮೆಯಲ್ಲಿ ಅದಕ್ಕೇನು ಕೆಲಸ ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ತಿಳಿದುಕೊಳ್ಳುವುದು ಒಳ್ಳೆಯದು.

ಬೇಟೆನಾಯಿಗೆ ಇದೇಕೆ ಬೇಕು?

ಬೇಟೆನಾಯಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಣ್ಣಿನಿಂದ ಬೇಟೆ ಹುಡುಕುವವು ಒಂದು ಬಗೆ, ಮೂಗಿನಿಂದ ಹುಡುಕುವವು ಇನ್ನೊಂದು. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಮೊದಲ ಬಗೆಯದು. ಉದ್ದ ಕಾಲು, ಸಣ್ಣ ನಡು, ಆಳವಾದ ಎದೆ. ಬಯಲುಸೀಮೆಯಲ್ಲಿ ಮೊಲವನ್ನು ಕಂಡೊಡನೆ ಬಾಣದಂತೆ ಓಡುವ ಮೈಕಟ್ಟು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ದೇಶೀ ನಾಯಿತಳಿಗಳ ಅಂಚೆಚೀಟಿ ಹೊರತಂದಾಗ ಮುಧೋಳಕ್ಕೂ ಅದರಲ್ಲಿ ಸ್ಥಾನ ಸಿಕ್ಕಿತು. ಬಯಲಿನಲ್ಲಿ ಓಡುವ ಇಂಥ ನಾಯಿ ಒಡೆಯನ ಕಣ್ಣಿಗೆ ಕಾಣುತ್ತಲೇ ಇರುತ್ತದೆ.

ವಾಸನೆ ಹಿಡಿದು ಹೋಗುವ ನಾಯಿಯ ಮಾತು ಬೇರೆ. ಅದು ಮೂಗನ್ನು ನೆಲಕ್ಕಿಟ್ಟು ದಟ್ಟ ಕಾಡಿನಲ್ಲಿ ಮೈಲಿಗಟ್ಟಲೆ ಸಾಗುತ್ತದೆ. ಒಡೆಯನಿಗೆ ಉಳಿಯುವುದು ಅದರ ಬೊಗಳು ಮಾತ್ರ. ಗಾಳಿ ತಿರುಗಿದರೆ ಅದೂ ಇಲ್ಲ. ಕಾನೂನುಬದ್ಧ ಬೇಟೆ ಇರುವ ಅಮೆರಿಕ, ಫಿನ್ಲೆಂಡ್, ಸ್ವೀಡನ್‌ಗಳಲ್ಲಿ ಕೊರಳಪಟ್ಟಿ ಬಳಕೆಗೆ ಬಂದದ್ದು ಇದಕ್ಕಾಗಿಯೇ. ದಾರಿ ತಪ್ಪಿದ ನಾಯಿ ಹೆದ್ದಾರಿಗೆ ಬಿದ್ದು ಸಾಯುವುದುಂಟು; ಸ್ವೀಡನ್‌ನಂಥ ಕಡೆ ತೋಳಗಳಿಗೆ ಬಲಿಯಾಗುವುದೂ ಉಂಟು. ನಾಯಿ ಎಲ್ಲಿದೆಯೆಂದು ತಿಳಿದರೆ ಒಡೆಯ ಸಮಯಕ್ಕೆ ಹೋಗಿ ಅದನ್ನು ಉಳಿಸಿಕೊಳ್ಳಬಹುದು.

ಉಪಗ್ರಹಕ್ಕೆ ನಾಯಿ ಗೊತ್ತಿಲ್ಲ

‘ಉಪಗ್ರಹವು ಮೇಲಿನಿಂದ ನಾಯಿಯನ್ನು ನೋಡಿ ಒಡೆಯನಿಗೆ ತಿಳಿಸುತ್ತದೆ’ ಎಂದು ತರಗತಿಯಲ್ಲಿ ಅನೇಕ ಮಕ್ಕಳು ಹೇಳುತ್ತಾರೆ. ಅದು ಸರಿಯಲ್ಲ. ಜಿಪಿಎಸ್ ಉಪಗ್ರಹಕ್ಕೆ ನಾಯಿಯ ವಿಷಯ ಏನೂ ಗೊತ್ತಿಲ್ಲ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ ಅದು ಬಿಡುವಿಲ್ಲದೆ ಸಾರುವುದು ಎರಡೇ ಸಂಗತಿ: ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು.’ ಕೊರಳಪಟ್ಟಿಯ ಗ್ರಾಹಕ ಈ ಸಂಕೇತವನ್ನು ಹಿಡಿದು, ಅದು ಬರಲು ಎಷ್ಟು ಹೊತ್ತು ಹಿಡಿಯಿತೆಂದು ಲೆಕ್ಕ ಹಾಕುತ್ತದೆ. ರೇಡಿಯೊ ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಮಯವನ್ನು ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ಎಂಟನೆಯ ತರಗತಿಯ ಲೆಕ್ಕವೇ ಸರಿ.

ದೂರದಿಂದ ಸ್ಥಳ ತಿಳಿಯುವುದು ಹೇಗೆ? ಶಾಲೆಯ ಮೈದಾನದಲ್ಲಿ ನೀವೇ ಮಾಡಿ ನೋಡಿ. 14 ಮೀಟರ್ ಅಂತರದಲ್ಲಿ ‘ಅ’ ಮತ್ತು ‘ಆ’ ಎಂಬ ಎರಡು ಗೂಟ ನೆಡಿ. ನಾಯಿ ‘ಅ’ದಿಂದ 13 ಮೀಟರ್, ‘ಆ’ದಿಂದ 15 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಅಷ್ಟುದ್ದದ ಹಗ್ಗಗಳಿಂದ ಎರಡು ವೃತ್ತ ಎಳೆದರೆ ಅವು ಎರಡು ಕಡೆ ಕೂಡುತ್ತವೆ; ಗೂಟಗಳ ಸಾಲಿನ ಈಚೆ ಒಂದು ಬಿಂದು, ಆಚೆ ಒಂದು. ನಾಯಿ ಯಾವುದರಲ್ಲಿದೆ? ‘ಅ’ದಿಂದ ಈಚೆ ಬದಿಗೆ ಲಂಬವಾಗಿ 12 ಮೀಟರ್ ದೂರದಲ್ಲಿ ‘ಇ’ ಎಂಬ ಮೂರನೆಯ ಗೂಟ ನೆಡಿ. ನಾಯಿ ‘ಇ’ಯಿಂದ 5 ಮೀಟರ್ ದೂರದಲ್ಲಿದೆ ಎಂದು ತಿಳಿದರೆ ಈಚೆಯ ಬಿಂದುವೇ ಸರಿ, ಆಚೆಯದು ‘ಇ’ಯಿಂದ ಸುಮಾರು ಇಪ್ಪತ್ತನಾಲ್ಕೂವರೆ ಮೀಟರ್ ದೂರವಿರುತ್ತದೆ. ಗೂಟಗಳ ಬದಲು ಉಪಗ್ರಹ, ವೃತ್ತಗಳ ಬದಲು ಗೋಳ ಎಂದುಕೊಂಡರೆ ಜಿಪಿಎಸ್‌ನ ತತ್ತ್ವ ಅರ್ಥವಾದಂತೆ.

ತೊಡಕು ಇರುವುದು ಗಡಿಯಾರದಲ್ಲಿ. ಸಂಕೇತ ನಾಯಿಯವರೆಗೆ ಬರಲು ಹಿಡಿಯುವುದು ಒಂದು ಸೆಕೆಂಡಿನ ಸುಮಾರು ಹದಿನೈದನೆಯ ಒಂದು ಭಾಗ. ಅಳತೆಯಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಾದರೂ ದೂರದಲ್ಲಿ 300 ಮೀಟರ್ ತಪ್ಪಾಗುತ್ತದೆ. ಉಪಗ್ರಹದಲ್ಲಿ ಪರಮಾಣು ಗಡಿಯಾರವಿದೆ; ನಾಯಿಯ ಕೊರಳಲ್ಲಿ ಇರುವುದು ಸಾಧಾರಣ ಸ್ಫಟಿಕದ ಗಡಿಯಾರ. ಆದ್ದರಿಂದ ಗ್ರಾಹಕವು ತನ್ನ ಗಡಿಯಾರದ ತಪ್ಪನ್ನೂ ಒಂದು ಅಜ್ಞಾತವೆಂದೇ ಭಾವಿಸುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ, ಸಮಯ: ನಾಲ್ಕು ಅಜ್ಞಾತಗಳಿಗೆ ನಾಲ್ಕು ಸಮೀಕರಣ ಬೇಕು. ಕನಿಷ್ಠ ನಾಲ್ಕು ಉಪಗ್ರಹಗಳು ಬೇಕೆನ್ನುವುದು ಇದಕ್ಕೇ. ಇನ್ನೊಂದು ವಿಸ್ಮಯವೆಂದರೆ, ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಂತೆ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಇದನ್ನು ಸರಿಪಡಿಸದಿದ್ದರೆ ದಿನಕ್ಕೆ 11 ಕಿ.ಮೀ.ಗೂ ಹೆಚ್ಚು ತಪ್ಪು ಸೇರುತ್ತ ಹೋಗುತ್ತಿತ್ತು.

ಜಿಪಿಎಸ್ ಅಮೆರಿಕದ ವ್ಯವಸ್ಥೆ. 1995ರಲ್ಲಿ ಪೂರ್ಣವಾಗಿ ಸಜ್ಜಾಯಿತು. ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ಇಟ್ಟಿದ್ದ ಅಸ್ಪಷ್ಟತೆಯನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆಯೇ ಇಂಥ ಸಾಧನಗಳು ಜನಬಳಕೆಗೆ ಯೋಗ್ಯವಾದವು. ನಮ್ಮ ಇಸ್ರೊ 7 ಉಪಗ್ರಹಗಳ ‘ನಾವಿಕ್’ ವ್ಯವಸ್ಥೆಯನ್ನು ರೂಪಿಸಿ, ಮೊದಲ ಉಪಗ್ರಹವನ್ನು 2013ರ ಜುಲೈ 1ರಂದು ಹಾರಿಸಿತು. ಅದರ ಸಂಚಾರ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಆ ಉಪಗ್ರಹಗಳ ನಿಯಂತ್ರಣದಲ್ಲಿ ನಮ್ಮ ನೆರೆಯ ಹಾಸನದ ಕೇಂದ್ರಕ್ಕೂ ಪಾಲಿದೆ.

ನಾಯಿಯಿಂದ ಒಡೆಯನಿಗೆ

ಇಷ್ಟಾದರೂ ಸ್ಥಳ ಗೊತ್ತಾದದ್ದು ಕೊರಳಪಟ್ಟಿಗೆ ಮಾತ್ರ. ಅದನ್ನು ಒಡೆಯನಿಗೆ ಮುಟ್ಟಿಸುವುದು ಬೇರೆಯೇ ಕೆಲಸ. ಅಮೆರಿಕದ ಬೇಟೆಗಾರರ ಕೊರಳಪಟ್ಟಿಗಳು ಪುಟ್ಟ ರೇಡಿಯೊ ಪ್ರೇಷಕದ ಮೂಲಕ ಕೈಯಲ್ಲಿರುವ ಯಂತ್ರಕ್ಕೆ ನೇರವಾಗಿ ತಿಳಿಸುತ್ತವೆ. ಬಯಲಿನಲ್ಲಿ ಹಲವು ಕಿ.ಮೀ. ಮುಟ್ಟುವ ಈ ಸಂಕೇತ ಗುಡ್ಡ ಅಡ್ಡ ಬಂದರೆ ಕುಗ್ಗುತ್ತದೆ. ಫಿನ್ಲೆಂಡ್‌ನಂಥ ಕಡೆ ಕೊರಳಪಟ್ಟಿಯಲ್ಲಿ ಸಿಮ್ ಇಟ್ಟು ಮೊಬೈಲ್ ಜಾಲದ ಮೂಲಕ ಕಳಿಸುವುದು ರೂಢಿ. ಮೊಬೈಲ್ ಸಿಗ್ನಲ್ ಸಿಗದ ಕಾಡಂಚಿನ ಹಾಡಿಗಳ ಕಡೆ ಇಂಥ ಸಿಮ್ ಕೊರಳಪಟ್ಟಿ ಮೂಕವಾಗುತ್ತದೆ. ಮಳೆಗಾಲದಲ್ಲಿ ನೆನೆದ ಎಲೆಗಳ ಚಪ್ಪರದಡಿ ಉಪಗ್ರಹದ ಸಂಕೇತವೂ ಕ್ಷೀಣಿಸುತ್ತದೆ.

ಮತ್ತೊಂದು ಮಿತಿ ಬ್ಯಾಟರಿಯದು. ಬೇಟೆನಾಯಿಯ ಕೊರಳಪಟ್ಟಿ ಕೆಲವೇ ಸೆಕೆಂಡಿಗೊಮ್ಮೆ ಸ್ಥಳ ತಿಳಿಸಬಲ್ಲದು, ಏಕೆಂದರೆ ಸಂಜೆ ಮನೆಗೆ ಬಂದ ಮೇಲೆ ಚಾರ್ಜ್ ಮಾಡಬಹುದು. ಕಾಡಿನ ಹುಲಿಯನ್ನು ಹಾಗೆ ಕರೆದು ಕೂರಿಸಲಾದೀತೆ? ಅದರ ಕೊರಳಪಟ್ಟಿ ದಿನಕ್ಕೆ ಕೆಲವೇ ಬಾರಿ ಮಾತಾಡಿ, ತಿಂಗಳುಗಟ್ಟಲೆ ಬಾಳಬೇಕು.

ನಮ್ಮ ನಾಯಿಗೂ ಕಟ್ಟಬಹುದೆ?

ಮನೆಯ ನಾಯಿ ಕಳೆದುಹೋಗದಿರಲೆಂದು ಕೊರಳಪಟ್ಟಿ ಕಟ್ಟಿದರೆ ತಪ್ಪಿಲ್ಲ. ವಿದೇಶದಿಂದ ತರಿಸಿದ ಸಾಧನವಾದರೆ ಅದರ ರೇಡಿಯೊ ಕಂಪನಾಂಕ ನಮ್ಮ ದೇಶದಲ್ಲಿ ಬಳಸಲು ಅನುಮತಿ ಇರುವಂಥದ್ದೇ ಎಂದು ಮೊದಲು ನೋಡಿಕೊಳ್ಳಬೇಕು. ಆದರೆ ಬೇಟೆಗೆ? ಅದಕ್ಕೆ ನಮ್ಮಲ್ಲಿ ಎಡೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಬೆನ್ನಟ್ಟುವುದು, ಅದಕ್ಕೆ ಯತ್ನಿಸುವುದೂ ಬೇಟೆಯೇ. ‘ಬರೀ ಮೊಲ ತಾನೇ, ಹಂದಿ ತಾನೇ’ ಎಂದು ಹಳ್ಳಿಯ ಹುಡುಗರು ನಾಯಿಗಳೊಡನೆ ಹೊರಟರೂ ಅದು ಅಪರಾಧ. ಬೆಳೆ ಹಾಳು ಮಾಡುವ ಪ್ರಾಣಿಯ ವಿಷಯದಲ್ಲೂ ಅಧಿಕಾರಿಯ ಅನುಮತಿ ಇಲ್ಲದೆ ಕೈಹಾಕುವಂತಿಲ್ಲ. ಪೋಷಕರು ಮಕ್ಕಳಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕು.

ಕಾನೂನಿನ ಹಿಂದೆ ವಿಜ್ಞಾನವೂ ಇದೆ. ನಾಯಿ ಯಾವ ಪ್ರಾಣಿಯನ್ನೂ ಹಿಡಿಯದೆ ಬರೀ ಕಾಡಿಗೆ ಹೋಗಿಬಂದರೂ ರೋಗ ದಾಟಿಸಬಲ್ಲದು. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಸಿಂಹಗಳು ನಾಯಿಗಳಲ್ಲಿ ಕಾಣುವ ಡಿಸ್ಟೆಂಪರ್ ವೈರಸ್ಸಿಗೆ ಬಲಿಯಾದವು. 2018ರಲ್ಲಿ ನಮ್ಮ ಗಿರ್ ಕಾಡಿನ ಸಿಂಹಗಳಲ್ಲೂ ಅದೇ ವೈರಸ್ ಕಾಣಿಸಿಕೊಂಡಿತು. ಕಾಡಂಚಿನ ಮನೆಯ ನಾಯಿಗೆ ಕೊರಳಪಟ್ಟಿಗಿಂತ ಮೊದಲು ಬೇಕಾದದ್ದು ಲಸಿಕೆ. ರಾತ್ರಿ ಕಟ್ಟಿಹಾಕಲು ಒಂದು ಭದ್ರ ಜಾಗ.

ನಮ್ಮ ಕಾಡಿನ ಕೊರಳಪಟ್ಟಿಗಳು

ಹಾಗಾದರೆ ನಮ್ಮ ಸೀಮೆಯಲ್ಲಿ ಕೊರಳಪಟ್ಟಿಗೆ ಕೆಲಸವಿಲ್ಲವೆ? ಇದೆ, ಆದರೆ ಅದು ಕಾಡುಪ್ರಾಣಿಯನ್ನು ಹಿಡಿಯಲು ಅಲ್ಲ, ಅರಿಯಲು. ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಳಿಗೆ ರೇಡಿಯೊ ಕೊರಳಪಟ್ಟಿ ತೊಡಿಸಿ ಅಧ್ಯಯನ ಆರಂಭಿಸಿದ್ದು 1990ರಲ್ಲಿ. ಆಗಿನದು ಜಿಪಿಎಸ್ ಅಲ್ಲ, ಬರೀ ‘ಬೀಪ್’ ಎನ್ನುವ ರೇಡಿಯೊ. ಆಂಟೆನಾ ಹಿಡಿದು ತಿರುಗಿಸುತ್ತ, ಸದ್ದು ಅತಿ ಜೋರಾಗಿ ಕೇಳುವ ದಿಕ್ಕನ್ನು ನಕ್ಷೆಯಲ್ಲಿ ಗೆರೆ ಎಳೆದು ಗುರುತಿಸಬೇಕು. ಬೇರೊಂದು ಜಾಗಕ್ಕೆ ಹೋಗಿ ಇನ್ನೊಂದು ಗೆರೆ ಎಳೆಯಬೇಕು. ಗೆರೆಗಳು ಕೂಡುವಲ್ಲಿ ಹುಲಿ. ದನದ ಗಂಟೆ ಆಲಿಸುವ ಹುಡುಗ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಒಂದೇ ಕಾಡಿನಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಬೇಟೆಯನ್ನು ಹೇಗೆ ಹಂಚಿಕೊಂಡು ಬಾಳುತ್ತವೆ ಎಂಬ ತಿಳಿವಳಿಕೆ ಬೆಳೆದದ್ದು ಇಂಥ ಶ್ರಮದಿಂದ.

ಕೃಷ್ಣರಾಜನಗರದಂಥ ಕಬ್ಬು, ಭತ್ತದ ತಾಲ್ಲೂಕಿನಲ್ಲೂ ಚಿರತೆ ಬೋನಿಗೆ ಬೀಳುತ್ತದೆ. ‘ಒಯ್ದು ದೂರದ ಕಾಡಿಗೆ ಬಿಡಿ’ ಎನ್ನುತ್ತೇವೆ. ಬಿಟ್ಟ ಮೇಲೆ ಅದೇನು ಮಾಡುತ್ತದೆ? ಮಹಾರಾಷ್ಟ್ರದಲ್ಲಿ ಬಾವಿಗೆ ಬಿದ್ದಿದ್ದ ‘ಆಜೋಬಾ’ ಎಂಬ ಚಿರತೆಗೆ 2009ರಲ್ಲಿ ಕೊರಳಪಟ್ಟಿ ತೊಡಿಸಿ ಮಾಳ್ಶೇಜ್ ಘಾಟಿಯಲ್ಲಿ ಬಿಟ್ಟಾಗ ಅದು ಅಲ್ಲಿ ನಿಲ್ಲಲಿಲ್ಲ. ಹೆದ್ದಾರಿ, ರೈಲುಮಾರ್ಗ ದಾಟಿ ಸುಮಾರು 120 ಕಿ.ಮೀ. ನಡೆದು ಮುಂಬಯಿಯ ರಾಷ್ಟ್ರೀಯ ಉದ್ಯಾನದತ್ತ ಸೇರಿತು. ದೂರ ಬಿಟ್ಟರೆ ಸಮಸ್ಯೆ ಮುಗಿಯಿತೆಂಬ ನಂಬಿಕೆಯನ್ನು ಅಲುಗಿಸಿದ್ದು ಆ ನಕ್ಷೆಯ ಚುಕ್ಕೆಗಳು.

ಹಾಸನ, ಕೊಡಗಿನ ಕಡೆ ಆನೆ ಹಿಂಡಿನ ಹೆಣ್ಣಾನೆಗಳಿಗೆ ಕೊರಳಪಟ್ಟಿ ತೊಡಿಸಿ, ಹಿಂಡು ಯಾವ ತೋಟದ ಕಡೆ ಬರುತ್ತಿದೆಯೆಂದು ಅರಣ್ಯ ಇಲಾಖೆ ಜನರನ್ನು ಎಚ್ಚರಿಸುತ್ತದೆ. ಬೆಳಗಿನ ಕತ್ತಲಲ್ಲಿ ಕಾಫಿ ತೋಟಕ್ಕೆ ಹೊರಡುವ ಕೂಲಿಯವರಿಗೆ ಆ ಸಂದೇಶ ಜೀವರಕ್ಷಕ. ಆದರೆ ಸಾಕಿದ ನಾಯಿಗೆ ಪಟ್ಟಿ ಕಟ್ಟಿದಷ್ಟು ಸುಲಭವಲ್ಲ ಈ ಕೆಲಸ. ಮದ್ದಿನ ಸೂಜಿ ಹಾರಿಸಬೇಕು, ಸಾಕಾನೆಗಳ ಬೆಂಬಲ ಬೇಕು, ಮಾವುತ ಕಾವಾಡಿಗಳು ಜೀವ ಪಣಕ್ಕಿಡಬೇಕು. ನಮ್ಮ ಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದ ಅರ್ಜುನ, ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತವನು, ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆಯೊಡನೆ ಸೆಣಸಿ ಮಡಿದದ್ದು 2023ರ ಡಿಸೆಂಬರ್ 4ರಂದು; ಕಾಡಾನೆಗಳನ್ನು ಹಿಡಿದು ಕೊರಳಪಟ್ಟಿ ತೊಡಿಸುವ ಕಾರ್ಯಾಚರಣೆಯಲ್ಲೇ. ಮೊಬೈಲಿಗೆ ಬರುವ ‘ಆನೆ ಇದೆ, ಎಚ್ಚರ’ ಎಂಬ ಒಂದು ಸಾಲಿನ ಹಿಂದೆ ಎಷ್ಟು ಬೆಲೆ ತೆತ್ತಿರಬಹುದೆಂದು ಅರ್ಜುನನ ಸಾವು ತೋರಿಸುತ್ತದೆ.

ಯಾರ ಕಿವಿಗೆ?

ಈಗ ಗಂಟೆಯ ದೋಷದ ಮಾತು. ಕೊರಳಪಟ್ಟಿಯ ಮಾಹಿತಿ ಕಾಯುವವನಿಗೆ ಸಿಕ್ಕರೆ ರಕ್ಷಣೆ, ಕಳ್ಳಬೇಟೆಗಾರನಿಗೆ ಸಿಕ್ಕರೆ ಹುಲಿಯ ವಿಳಾಸ. ಇದು ಬರೀ ಕಲ್ಪನೆಯಲ್ಲ. 2013ರಲ್ಲಿ ಮಧ್ಯಪ್ರದೇಶದ ಹುಲಿಯೊಂದರ ಕೊರಳಪಟ್ಟಿಯ ಮಾಹಿತಿ ಬರುತ್ತಿದ್ದ ಇ-ಮೇಲ್ ಖಾತೆಗೆ ದೂರದ ಊರಿನಿಂದ ಯಾರೋ ನುಗ್ಗಲು ಯತ್ನಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಯತ್ನ ಫಲಿಸಲಿಲ್ಲವೆಂಬುದೇ ಸಮಾಧಾನ.

ಅಂಥ ಮಾಹಿತಿ ಸೋರಲು ಕಳ್ಳನೇ ಬರಬೇಕೆಂದಿಲ್ಲ. ನಮ್ಮ ಕೈಯಲ್ಲಿರುವ ಮೊಬೈಲೂ ಸಾಕು. ಅದರಲ್ಲೂ ಇದೇ ಗ್ರಾಹಕವಿದೆ. ತೆಗೆದ ಚಿತ್ರದೊಳಗೆ ಅಕ್ಷಾಂಶ, ರೇಖಾಂಶ ಸೇರಿಕೊಂಡಿರಬಹುದು. ಆದ್ದರಿಂದ ವಿದ್ಯಾರ್ಥಿಗಳು ಎರಡು ಮಾತು ನೆನಪಿಡಬೇಕು. ಹೊಲದಂಚಿನಲ್ಲೋ ರಸ್ತೆಯಲ್ಲೋ ಕೊರಳಪಟ್ಟಿ ತೊಟ್ಟ ಪ್ರಾಣಿ ಕಂಡರೆ ಹತ್ತಿರ ಹೋಗದೆ, ಅರಣ್ಯ ಇಲಾಖೆಗೆ ತಿಳಿಸಿ. ಅದರ ಚಿತ್ರವನ್ನು ಜಾಗದ ಹೆಸರಿನೊಡನೆ ನಾಲ್ಕು ಜನರ ಗುಂಪಿಗೆ ಕಳಿಸಬೇಡಿ. ಆ ನಾಲ್ವರಿಂದ ಅದು ಯಾರ ಕೈ ಸೇರುತ್ತದೆಂದು ಯಾವ ಉಪಗ್ರಹವೂ ಹೇಳಲಾರದು.