ಮೊಬೈಲ್‌ನಲ್ಲಿ ಬಿಡಿಸಿದ ಚಿತ್ರ ಮುದ್ರಣದಲ್ಲೂ ಚೆನ್ನಾಗಿ ಬರಬೇಕೇ? ಈ ಅಂಶಗಳು ಗಮನದಲ್ಲಿರಲಿ

ಡಿಜಿಟಲ್ ಚಿತ್ರ ಬಿಡಿಸಲು ಈಗ ಕಂಪ್ಯೂಟರ್, ದುಬಾರಿ ಪೆನ್ ಟ್ಯಾಬ್ಲೆಟ್ ಇರಲೇಬೇಕೆಂದಿಲ್ಲ. ಐಬಿಸ್ ಪೇಂಟ್, ಮೆಡಿಬ್ಯಾಂಗ್, ಸ್ಕೆಚ್‌ಬುಕ್‌ನಂತಹ ಆ್ಯಪ್‌ಗಳ ಮೂಲ ಸೌಲಭ್ಯಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಫೋನಿನಲ್ಲಿ ಹೊಳೆಯುತ್ತಿದ್ದ ಚಿತ್ರ ಕನ್ನಡ ಸಂಘದ ಸ್ಮರಣ ಸಂಚಿಕೆಯ ಮುಖಪುಟಕ್ಕೋ ಮದುವೆಯ ಕರೆಯೋಲೆಗೋ ಹೋದಾಗ ಮಸುಕಾದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಬೆರಳಿನಲ್ಲಿ ಬಿಡಿಸಿದ್ದು ಬರೀ ಆಟಕ್ಕೆ ಎಂಬ ಮಾತು ಸುಳ್ಳಾಗಿ ಬಹಳ ಕಾಲವಾಯಿತು. 2009ರ ಜೂನ್‌ನಲ್ಲಿ ಅಮೆರಿಕದ 'ದಿ ನ್ಯೂಯಾರ್ಕರ್' ಪತ್ರಿಕೆಯ ಮುಖಪುಟದಲ್ಲಿ ಪ್ರಕಟವಾಗಿದ್ದು ಜಾರ್ಜ್ ಕೊಲಂಬೊ ಐಫೋನ್‌ನಲ್ಲಿ ಬ್ರಷಸ್ ಆ್ಯಪ್ ಬಳಸಿ ಬಿಡಿಸಿದ ಚಿತ್ರ. 2012ರಲ್ಲಿ ಬ್ರಿಟನ್ನಿನ ಹಿರಿಯ ಕಲಾವಿದ ಡೇವಿಡ್ ಹಾಕ್ನಿ ತಮ್ಮ ಐಪ್ಯಾಡ್ ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದ್ದರು.

ಮೊದಲು ಅಳತೆ, ಆಮೇಲೆ ಗೆರೆ

ಒಳ್ಳೆಯ ಮುದ್ರಣಕ್ಕೆ ಸಾಮಾನ್ಯವಾಗಿ ಇಂಚಿಗೆ 300 ಪಿಕ್ಸೆಲ್ ಬೇಕು. 1080×1080 ಪಿಕ್ಸೆಲ್‌ನಲ್ಲಿ ಬಿಡಿಸಿದ ಚಿತ್ರ ಈ ಲೆಕ್ಕದಲ್ಲಿ ಕೇವಲ 3.6 ಇಂಚು ಅಗಲಕ್ಕೆ ಸಾಕಾಗುತ್ತದೆ. ಎ4 ಹಾಳೆಗಾದರೆ 2480×3508 ಪಿಕ್ಸೆಲ್ ಬೇಕು. ದೊಡ್ಡ ಚಿತ್ರವನ್ನು ಚಿಕ್ಕದು ಮಾಡುವುದು ಸುಲಭ. ಚಿಕ್ಕದನ್ನು ಹಿಗ್ಗಿಸಿದರೆ ಗೆರೆಗಳು ಒಡೆದು ಕಾಣುತ್ತವೆ. ಹಾಗಾಗಿ ಕ್ಯಾನ್ವಾಸ್ ತೆರೆಯುವಾಗಲೇ ಅಳತೆ ನಿಗದಿಯಾಗಬೇಕು.

ಒಂದೊಂದು ಕೆಲಸಕ್ಕೆ ಒಂದೊಂದು ಲೇಯರ್

ಕಚ್ಚಾ ಸ್ಕೆಚ್, ಅದರ ಮೇಲೆ ಅಂತಿಮ ಗೆರೆ, ಕೆಳಗೆ ಬಣ್ಣ, ಬಣ್ಣದ ಮೇಲೆ ನೆರಳು-ಬೆಳಕು. ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಲೇಯರ್ ಇದ್ದರೆ ಸೀರೆಯ ಬಣ್ಣ ಬದಲಿಸಲು ಮುಖದ ಗೆರೆಯನ್ನು ಮುಟ್ಟಬೇಕಾಗಿಲ್ಲ. ನೆರಳಿನ ಲೇಯರ್‌ಗೆ 'ಕ್ಲಿಪ್ಪಿಂಗ್' ಹಾಕಿದರೆ ಬಣ್ಣ ಅಂಚು ದಾಟುವುದಿಲ್ಲ. ಬೆರಳು ನಡುಗಿದರೂ ಗೆರೆ ನೇರವಾಗಿ ಬರಲು 'ಸ್ಟೆಬಿಲೈಸರ್' ನೆರವಾಗುತ್ತದೆ.

ಆದರೆ ಇದಕ್ಕೂ ಮಿತಿ ಇದೆ. ಎ4 ಅಳತೆಯ ಒಂದು ಪೂರ್ಣ ಲೇಯರ್‌ಗೆ ಸುಮಾರು 35 ಎಂಬಿ ಮೆಮೊರಿ ಬೇಕಾಗಬಹುದು. ಕಡಿಮೆ ರ‍್ಯಾಮ್ ಇರುವ ಫೋನ್ ನಿಧಾನವಾಗುವುದು, ಲೇಯರ್ ಸಂಖ್ಯೆಗೆ ಆ್ಯಪ್ ಮಿತಿ ಹಾಕುವುದು ಇದೇ ಕಾರಣಕ್ಕೆ. ಫೈಲಿನ ನಕಲೊಂದನ್ನು ಇಟ್ಟುಕೊಂಡು, ಮುಗಿದ ಲೇಯರ್‌ಗಳನ್ನು ಒಂದಾಗಿಸುವುದು ಇದಕ್ಕೆ ಪರಿಹಾರ.

ಮುಗಿಯಿತು ಎನ್ನುವ ಮುನ್ನ

ಚಿತ್ರವನ್ನು ಎಡಬಲ ತಿರುಗಿಸಿ ನೋಡಿದರೆ ಓರೆಯಾದ ಕಣ್ಣು, ವಾಲಿದ ಭುಜ ತಕ್ಷಣ ಕಣ್ಣಿಗೆ ಬೀಳುತ್ತವೆ. ಕನ್ನಡ ಅಕ್ಷರ ಸೇರಿಸಿದ್ದರೆ ಒತ್ತಕ್ಷರಗಳು ಸರಿಯಾದ ಜಾಗದಲ್ಲಿವೆಯೇ ಎಂದು ಹಿಗ್ಗಿಸಿ ನೋಡಬೇಕು.

ಫೋನಿನ ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸುತ್ತದೆ. ಮುದ್ರಣದಲ್ಲಿ ಬಳಸುವುದು ಶಾಯಿ. ಹಾಗಾಗಿ ಕಣ್ಣು ಕೋರೈಸುವ ಹಸಿರು, ನೀಲಿ ಕಾಗದದ ಮೇಲೆ ಮಂಕಾಗುತ್ತವೆ. ಹೆಚ್ಚು ಪ್ರತಿ ಮುದ್ರಿಸುವ ಮುನ್ನ ಒಂದು ಮಾದರಿ ಪ್ರತಿ ತೆಗೆಸಿ ನೋಡುವುದು ಒಳ್ಳೆಯದು.

ಕಳಿಸುವಾಗಲೂ ಎಚ್ಚರ

ಪದೇ ಪದೇ ಜೆಪೆಗ್ ಆಗಿ ಸೇವ್ ಮಾಡಿದರೆ ಗುಣಮಟ್ಟ ಕುಸಿಯುತ್ತದೆ. ಪಿಎನ್‌ಜಿಯಲ್ಲಿ ಈ ತೊಂದರೆ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಇದ್ದ ಹಾಗೇ ತಲುಪುತ್ತದೆ. ಲೇಯರ್ ಸಮೇತ ಉಳಿಸಿಕೊಳ್ಳಲು ಪಿಎಸ್‌ಡಿ ಫೈಲ್ ಸೂಕ್ತ.

ಹಲವು ಆ್ಯಪ್‌ಗಳಲ್ಲಿ ಚಿತ್ರಗಳು ಆ್ಯಪ್‌ನ ಒಳಗೇ ಇರುತ್ತವೆ. ಆ್ಯಪ್ ಅಳಿಸಿದರೆ ಅಥವಾ ಫೋನ್ ಕೆಟ್ಟರೆ ಅವೂ ಕೈತಪ್ಪಬಹುದು. ಕೆಲಸ ಮುಗಿದ ದಿನವೇ ಡ್ರೈವ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಒಂದು ಪ್ರತಿ ಇಟ್ಟರೆ ಮುಂದೆ ಪರದಾಡುವುದು ತಪ್ಪುತ್ತದೆ.